ಹಾಲು ಕುಡಿದಷ್ಟು ಸಂತೋಷ

ನಮ್ಮ ದಿನಪತ್ರಿಕೆಗಳಲ್ಲಿ ಹರ್ಷವೆಂಬುದು ಮಂತ್ರಿಗಳಿಗೆ ಮಾತ್ರ ಮೀಸಲು ಎಂಬುದನ್ನು ನೀವೂ ಗಮನಿಸಿರಬಹುದು. ಸೇತುವೆಯ ಶಂಕುಸ್ಥಾಪನೆಗೆ ಬಂದವರು ಹರ್ಷ ವ್ಯಕ್ತಪಡಿಸುತ್ತಾರೆ. ಮುಂದೆ ಅದರ ಮೇಲೆ ಓಡಾಡಬೇಕಾದ ನಮ್ಮಂಥವರು ಬಹಳವೆಂದರೆ ಸಂತೋಷಪಡುತ್ತೇವೆ, ಅದೂ ಸೇತುವೆ ಮುಗಿದರೆ. ಎಪ್ಪತ್ತರ ದಶಕದ ಕೊನೆಯಲ್ಲಿ ಯಲಹಂಕದಿಂದ ಯಶವಂತಪುರದ ಕಚೇರಿಗೆ ರೈಲಿನಲ್ಲಿ ಹೋಗಿಬರುತ್ತಿದ್ದಾಗ, ಪಕ್ಕದವರ ಪತ್ರಿಕೆಯನ್ನು ಅವರಿಗಿಂತ ಮೊದಲೇ ಓದಿ ಮುಗಿಸುವ ವಿದ್ಯೆಯನ್ನು ನಾನು ಸಾಧಿಸಿದ್ದರಿಂದ, ಇಂಥ ಸಂಶೋಧನೆಗಳಿಗೆ ಪುರುಸೊತ್ತು ಧಾರಾಳವಾಗಿತ್ತು.

ಶಬ್ದಗಳ ಹುಚ್ಚು ನನಗೆ ಮೊದಲಿನಿಂದಲೂ ಇತ್ತು. ಕಚೇರಿಯಲ್ಲಿ ಯಾರಿಗೆ ಬಡ್ತಿಯಾದರೂ ಅಭಿನಂದನೆಯ ಭಾಷಣ ನನ್ನ ಪಾಲಿಗೆ ಬರುತ್ತಿತ್ತು. ಆಮೋದ, ಪ್ರಮೋದ, ಉಲ್ಲಾಸ, ಆಹ್ಲಾದಗಳನ್ನು ಮದುವೆಮನೆಯ ಪನ್ನೀರಿನಂತೆ ಎರಚುತ್ತಿದ್ದೆ. ಬಡ್ತಿ ನನಗೇ ಬಂದ ದಿನ ಮನೆಗೆ ಧಾವಿಸಿ, ಹೆಂಡತಿಯೆದುರು ನಿಂತು, ರೋಮಾಂಚನವಾಗುತ್ತಿದೆ ಎಂದು ಘೋಷಿಸಿದೆ. "ಯಲಹಂಕದ ಚಳಿ ಕಣ್ರೀ, ಸ್ವೆಟರ್ ಹಾಕ್ಕೊಳ್ಳಿ" ಎಂದಳು. ಹಾಕಿಕೊಂಡೆ.

ನಾವು ಬಾಡಿಗೆಗಿದ್ದ ಮನೆಯ ಒಡತಿ ಅಕ್ಕಯ್ಯಮ್ಮ. ಕೋಗಿಲಿನ ಕಡೆಯವರು, ಗಂಡ ತೀರಿಹೋಗಿ ಬಹಳ ಕಾಲವಾಗಿತ್ತು. ಹಿತ್ತಿಲ ಕೊಟ್ಟಿಗೆಯಲ್ಲಿ ಹಸು ಕಟ್ಟಿ, ಬೀದಿಯ ಮನೆಗಳಿಗೆ ವರ್ತನೆಯ ಹಾಲು ಹಾಕುತ್ತಾ ಒಬ್ಬಳೇ ಮಗಳು ರತ್ನಳನ್ನು ಓದಿಸಿ ಮದುವೆ ಮಾಡಿದ್ದರು. ಸಂತೋಷಕ್ಕೆ ಅವರ ಬಳಿ ಇದ್ದದ್ದು ಒಂದೇ ಮಾತು. ನನ್ನ ಬಡ್ತಿಯಾಗಲಿ, ಕೊಳಾಯಿಯಲ್ಲಿ ನೀರು ಬಂದದ್ದಾಗಲಿ, ಎದುರುಮನೆಯ ಹುಡುಗಿಗೆ ಗಂಡು ಗೊತ್ತಾದದ್ದಾಗಲಿ, ಕೇಳಿದೊಡನೆ ಎದೆಯ ಮೇಲೆ ಅಂಗೈಯಿಟ್ಟು, "ಆಲು ಕುಡ್ದಂಗಾಯ್ತು ಕಣಪ್ಪಾ" ಎನ್ನುವರು. ಬೇರೆ ಮಾತೇ ಇಲ್ಲವೇ ಎಂದು ನಾನೊಮ್ಮೆ ಛೇಡಿಸಿ, ಪರಮಾನಂದ ಎಂಬುದನ್ನು ಕಲಿಸಹೋದೆ. "ಅವೆಲ್ಲ ನಮ್ ಬಾಯ್ಗೆ ಇಡ್ಸಲ್ಲ ಬುಡಪ್ಪಾ" ಎಂದರು. ತಮಾಷೆಯೆಂದರೆ ಅಕ್ಕಯ್ಯಮ್ಮ ಹಾಲು ಕುಡಿದದ್ದನ್ನು ಯಾರೂ ಕಂಡಿರಲಿಲ್ಲ. ಕರೆದದ್ದೆಲ್ಲ ವರ್ತನೆಗೆ ಹೋಗುತ್ತಿತ್ತು, ಅವರದು ಬೆಲ್ಲ ಹಾಕಿದ ಬರೀ ಕಾಫಿ. ನನ್ನ ಹೆಂಡತಿ ಆಕ್ಷೇಪಿಸಿದರೆ, "ಮಾರೋ ಆಲ್ನ ನಾವೇ ಕುಡಿಯಕ್ಕಾಯ್ತದೇನವ್ವಾ" ಎಂದು ನಗುವರು.

ರತ್ನಳಿಗೆ ಎರಡು ಬಸಿರು ನಿಲ್ಲದೆ ಹೋಗಿದ್ದವು. ಮೂರನೆಯದರಲ್ಲಿ, ಕೊನೆಯ ತಿಂಗಳು ಹಾಸಿಗೆ ಬಿಟ್ಟು ಏಳಕೂಡದೆಂದು ವೈದ್ಯರು ಅವಳನ್ನು ಯಶವಂತಪುರದ ನರ್ಸಿಂಗ್ ಹೋಮಿನಲ್ಲೇ ಮಲಗಿಸಿದರು. ಹಸುಗಳನ್ನು ಬಿಟ್ಟು ದಿನಾ ಅಲ್ಲಿಗೆ ಹೋಗುವುದು ಅಕ್ಕಯ್ಯಮ್ಮನಿಗೆ ಆಗದ ಮಾತು. ಭಾನುವಾರ ಅವರು ಹೋಗುವರು. ಉಳಿದ ದಿನಗಳ ರಾಯಭಾರ ನನ್ನದು. ಹೋಗುವಾಗ ಅವರು ಕೊಟ್ಟ ಸಾರಿನ ಡಬ್ಬಿ, ಬರುವಾಗ ಮಗಳ ಸಮಾಚಾರ. ಮಗು ಒದೆಯಿತಂತೆ ಎಂದರೆ ಹಾಲು ಕುಡಿದಂತೆ, ರತ್ನ ಎರಡು ತುತ್ತು ಹೆಚ್ಚು ಉಂಡಳಂತೆ ಎಂದರೂ ಹಾಲು ಕುಡಿದಂತೆ. ಮರುದಿನ ರತ್ನ ಕೇಳುತ್ತಿದ್ದುದೂ ಒಂದೇ ಪ್ರಶ್ನೆ: "ಅಮ್ಮ ಏನಂದ್ಲು ಅಣ್ಣಾ?" ನಾನು ಅಕ್ಕಯ್ಯಮ್ಮನ ಹಾಗೆಯೇ ಎದೆಯ ಮೇಲೆ ಕೈಯಿಟ್ಟು ಅಭಿನಯಿಸಿದರೆ ಅವಳಿಗೆ ನಗುವೋ ನಗು. ಅವಳು ಅಷ್ಟು ನಗಬಾರದೆಂದು ನರ್ಸ್ ನನ್ನನ್ನು ಗದರುತ್ತಿದ್ದಳು.

ಒಂದು ಬೆಳಿಗ್ಗೆ ಹಾಲು ಕರೆಯಲು ಕುಳಿತ ಅಕ್ಕಯ್ಯಮ್ಮ ಮತ್ತೆ ಏಳಲಿಲ್ಲ.

ಕೋಗಿಲಿನಿಂದ ಅವರ ತಮ್ಮ ಬಂದ, ಯಶವಂತಪುರದಿಂದ ಅಳಿಯ ಬಂದ. ಹೆಣ ಎತ್ತುವ ಮೊದಲು ನಡೆದ ಮಾತೆಲ್ಲ ರತ್ನಳದೇ. "ಈಗ ಅವ್ಳಿಗೇಳಿದ್ರೆ ಇನ್ನೊಂದು ಜೀವಾನೂ ಓಯ್ತದೆ" ಎಂದ ತಮ್ಮ. ಅಳಿಯ ನನ್ನ ಕೈ ಹಿಡಿದುಕೊಂಡ. "ಹೆರಿಗೆ ಆಗೋವರ್ಗೂ ನೀವು ದಿನಾ ಬರೋ ಹಾಗೇ ಬನ್ನಿ ಸಾರ್. ಬರದಿದ್ರೆ ಅನುಮಾನ ಪಡ್ತಾಳೆ."

ಹಾಗೇ ಹೋದೆ. ಸಾರಿನ ಡಬ್ಬಿಯನ್ನು ನನ್ನ ಹೆಂಡತಿ ತುಂಬಿಸಿಕೊಟ್ಟಳು. ಕರಿ ಹಸು ಕರು ಹಾಕಿದೆ, ಅಮ್ಮನಿಗೆ ಈ ಭಾನುವಾರ ಬರಲಾಗುವುದಿಲ್ಲ ಎಂದು ರತ್ನಳಿಗೆ ಹೇಳಿದೆ. "ಹೌದಾ! ಹೆಣ್ಗರುನಾ?" ಎಂದಳು. ಆ ಕ್ಷಣದಲ್ಲಿ ಅವಳ ಮುಖ ಅರಳಿದ ಬಗೆಗೆ ನನ್ನ ಶಬ್ದಭಂಡಾರದಲ್ಲಿ ಹೆಸರಿರಲಿಲ್ಲ. ಹೆಣ್ಣುಕರುವೇ ಎಂದೆ. ವಾಪಸಾಗುವಾಗ ಯಾರ ಪತ್ರಿಕೆಯನ್ನೂ ಇಣುಕಿ ನೋಡಲಿಲ್ಲ. ಕಿಟಕಿಗೆ ಮುಖಮಾಡಿ ಕುಳಿತು ಅತ್ತೆ.

ಮೂರನೆಯ ದಿನ ಹಾಲುತುಪ್ಪ. ಮಣ್ಣು ಮಾಡಿದ ಜಾಗದ ಮೇಲೆ ಬಂದವರೆಲ್ಲ ಒಬ್ಬೊಬ್ಬರಾಗಿ ಹಾಲು ಬಿಡುವ ಪದ್ಧತಿ. ಅಂದು ವರ್ತನೆಯ ಮನೆಗಳಿಗೆ ಹಾಕದೆ, ಕರೆದ ಹಾಲಷ್ಟನ್ನೂ ಕೋಗಿಲಿಗೆ ತಂದಿದ್ದರು. "ಕುಡಿಯಕ್ಕಾ, ಇವತ್ತಾದ್ರೂ ಒಟ್ಟೆ ತುಂಬ ಕುಡಿ" ಎಂದು ಅವರ ತಮ್ಮ ಚೊಂಬು ಬಗ್ಗಿಸಿದ. ನಾನೂ ಅಂಗೈಯಲ್ಲಿ ಹಿಡಿದು ಬಿಟ್ಟೆ. ಹಸಿಮಣ್ಣು ಹೀರಿಕೊಂಡಿತು.

ಅಲ್ಲಿಂದ ಯಶವಂತಪುರಕ್ಕೆ ಹೋಗುವ ವೇಳೆಗೆ ಹೆರಿಗೆಯಾಗಿತ್ತು. ಹೆಣ್ಣು ಮಗು, ಇಬ್ಬರೂ ಕ್ಷೇಮ. ಹೆಂಡತಿಯ ಬಳಿಯೇ ಉಳಿದಿದ್ದ ಅಳಿಯ, ಅವಳ ಕಾಟ ತಡೆಯಲಾರದೆ, ಅಮ್ಮನಿಗೆ ಸುದ್ದಿ ಮುಟ್ಟಿಸಿಯಾಯಿತು ಎಂದುಬಿಟ್ಟಿದ್ದ. ಬಾಗಿಲಲ್ಲಿ ನನ್ನನ್ನು ಕಂಡೊಡನೆ ರತ್ನ, ಮಗುವನ್ನು ತೋರಿಸುವುದಕ್ಕೂ ಮೊದಲು ಕೇಳಿದಳು: "ಅಮ್ಮ ಏನಂದ್ಲು ಅಣ್ಣಾ?"

ಆಮೋದ ಪ್ರಮೋದಗಳೆಲ್ಲ ಎಲ್ಲಿ ಹೋದವೋ. ಅಂಗೈಯಲ್ಲಿ ಇನ್ನೂ ಹಾಲಿನ ಜಿಡ್ಡಿತ್ತು. ಅದನ್ನೇ ಎದೆಯ ಮೇಲಿಟ್ಟುಕೊಂಡೆ.

"ಆಲು ಕುಡ್ದಂಗಾಯ್ತು ಅಂದ್ರಮ್ಮ."

"ಅಷ್ಟೇನಾ?" ಎಂದಳು ಕಣ್ಣು ಮುಚ್ಚಿ, ನಗುತ್ತಲೇ. "ಅಮ್ಮ ಎಲ್ಲದಕ್ಕೂ ಅದನ್ನೇ ಅಂತಾಳೆ."

ಮನೆಗೆ ಬಂದ ಮೇಲೆ ಹೇಳೋಣವೆಂದು, ಇಲ್ಲದ ಕರುವಿನ ನೆಪದಲ್ಲೇ ದಿನ ತಳ್ಳಿ, ಬಾಣಂತನಕ್ಕೆಂದು ಯಲಹಂಕಕ್ಕೆ ಕರೆತಂದ ದಿನ, ಆಟೋದಿಂದ ಇಳಿದವಳು ಮಗುವನ್ನೆತ್ತಿಕೊಂಡು, ಗಂಡ ಕೂಗುತ್ತಿದ್ದರೂ ಕೇಳದೆ ನೇರವಾಗಿ ಕೊಟ್ಟಿಗೆಗೆ ನಡೆದಳು. ಅಮ್ಮ ಅಲ್ಲೇ ಇರುತ್ತಾಳೆ, ಕರುವನ್ನೂ ನೋಡಿದಂತಾಗುತ್ತದೆ ಎಂದುಕೊಂಡಿರಬೇಕು. ಹಸುಗಳನ್ನು ಅಕ್ಕಯ್ಯಮ್ಮನ ತಮ್ಮ ಕೋಗಿಲಿಗೆ ಹೊಡೆದುಕೊಂಡು ಹೋಗಿದ್ದ. "ಕರು ಎಲ್ಲಿ ಅಣ್ಣಾ?" ಎಂದು ತಿರುಗಿದವಳು ನನ್ನ ಮುಖ ನೋಡಿದಳು. ಮಗುವನ್ನು ನನ್ನ ಹೆಂಡತಿಯ ಕೈಗಿತ್ತು, ಅಮ್ಮ ಹಾಲು ಕರೆಯಲು ಕೂರುತ್ತಿದ್ದ ಜಾಗದಲ್ಲಿ ಕುಸಿದು ಕುಳಿತಳು.

ಇದೆಲ್ಲ ಆಗಿ ವರ್ಷಗಳು ಕಳೆದಿವೆ. ಈಗ ಪತ್ರಿಕೆಯನ್ನು ಕೊಂಡೇ ಓದುತ್ತೇನೆ. ಇವತ್ತಿನದರಲ್ಲೂ ಯಾವನೋ ಮಂತ್ರಿ ಹರ್ಷ ವ್ಯಕ್ತಪಡಿಸಿದ್ದಾನೆ. ಮೊದಲಿನಂತೆ ನಗು ಬರಲಿಲ್ಲ. ಹರ್ಷವನ್ನು ನಾನೂ ಒಮ್ಮೆ ವ್ಯಕ್ತಪಡಿಸಿದವನೇ. ಅದನ್ನು ಪಡಬೇಕಾಗಿದ್ದವರು ಆಗ ಕೋಗಿಲಿನ ಮಣ್ಣಿನಲ್ಲಿದ್ದರು.