ಸಂಘಕ್ಕೆ ಬೀಗ ಹಾಕಿದ ಸೆಲ್ಮರ್

ನಮ್ಮ ಹೆಗ್‌ಲಂಡ್ ಊರಿನಿಂದ ರಾಜಧಾನಿಗೆ ಹೋಗಿ ಕುರ್ಚಿಯಲ್ಲಿ ಕೂತವನು ಒಬ್ಬನೇ, ಸೆಲ್ಮರ್ ಸ್ಕೋಗನ್. ಈಗ ಅವನ ಹೆಸರೆತ್ತಿದರೆ ನನ್ನ ಹೋಟೆಲಿನಲ್ಲಿ ಕಾಫಿ ಕುಡಿಯುವ ಗಂಡಸರು ಗೋಧಿಯ ಮಾತು ತೆಗೆಯುತ್ತಾರೆ. ಹೇಳುವವರು ಬೇರೆ ಯಾರೂ ಇಲ್ಲ, ನಾನೇ ಹೇಳಬೇಕು.

ಸೆಲ್ಮರ್ ಹುಡುಗನಾಗಿದ್ದಾಗ ಅವರ ಕೊಟ್ಟಿಗೆಗೆ ಸಿಡಿಲು ಬಡಿದು ಹಸುಗಳೆಲ್ಲ ಬೆಂದುಹೋದವು. ಆಗ ಕೈಹಿಡಿದದ್ದು ಊರಿನ ರೈತರ ವಿಮಾ ಸಂಘ. ನಾರ್ವೆಯಿಂದ ಬಂದ ನಮ್ಮ ಅಜ್ಜಂದಿರು ಈ ಡಕೋಟಾ ಬಯಲಿನಲ್ಲಿ ಇನ್ನೂ ಮಣ್ಣುಹೆಂಟೆಯ ಗುಡಿಸಲುಗಳಲ್ಲಿದ್ದಾಗಲೇ ಕಟ್ಟಿಕೊಂಡ ಸಂಘ ಅದು. ಎಲ್ಲರೂ ಕಂತು ಕಟ್ಟುವುದು, ಯಾರಿಗೆ ಬೆಂಕಿಯೋ ಆಲಿಕಲ್ಲೋ ಬಿತ್ತೋ ಅವರನ್ನು ಎತ್ತಿ ನಿಲ್ಲಿಸುವುದು. ಹಿಮ ಬೀಳುವ ಮೊದಲೇ ಸ್ಕೋಗನ್ನರ ಹೊಸ ಕೊಟ್ಟಿಗೆ ಎದ್ದಿತು.

ದೊಡ್ಡವನಾದ ಮೇಲೆ ಬಿತ್ತನೆ ಬೀಜದ ಅಂಗಡಿ ಇಟ್ಟ. ಬೋರ್ಗಿಲ್ಡಳನ್ನು ಮದುವೆಯಾದ. ಅವಳ ಅಜ್ಜನೇ ಸಂಘದ ಮೊದಲ ಯಜಮಾನ. ಆಗ ಅದನ್ನು ನಡೆಸುತ್ತಿದ್ದವನು ಅವಳ ಅಣ್ಣ ಆರ್ವಿಡ್. ಭಾವ-ಮೈದುನರಿಗೆ ಒಂದೇ ದೋಣಿ, ಒಂದೇ ಕೆರೆ, ಒಂದೇ ಮೀನಿನ ಹುಚ್ಚು. ಸೆಲ್ಮರನನ್ನು ಶಾಸನಸಭೆಗೆ ನಿಲ್ಲಿಸಿದವನೂ ಆರ್ವಿಡನೇ.

“ನಿನ್ನ ಗಂಟಲು ಕೇಳಿದರೆ ಪಕ್ಕದ ಜಿಲ್ಲೆಯ ಹಂದಿಗಳೂ ಓಡಿ ಬರ್ತಾವೆ ಸೆಲ್ಮರ್. ಓಟು ಬರಲ್ವಾ?” ಅಂದಿದ್ದ, ನನ್ನ ಹೋಟೆಲಿನಲ್ಲೇ.

ಓಟು ಬಂತು. ಮೂರು ಸಲ ಗೆದ್ದ. ಆಮೇಲೆ ಇಡೀ ರಾಜ್ಯದ ಜನ ಓಟು ಹಾಕಿ ಅವನನ್ನು ವಿಮಾ ಕಮಿಷನರನನ್ನಾಗಿ ಮಾಡಿದರು. ವಿಮಾ ಕಂಪನಿಗಳು ಕೊಟ್ಟ ಮಾತು ಉಳಿಸಿಕೊಳ್ಳುತ್ತವೋ ಇಲ್ಲವೋ ನೋಡುವ ಕೆಲಸ.

ಚೆನ್ನಾಗಿ ಮಾಡಿದ. ಪಶ್ಚಿಮದ ಕಡೆ ಬಾವಿ ತೋಡುವವನೊಬ್ಬ ಬಾವಿಯೊಳಗೆ ಜಾರಿ ಬಿದ್ದು ಸತ್ತಾಗ, ಕುಡಿದು ಬಿದ್ದ ಅಂತ ಕಂಪನಿ ಕೈ ಎತ್ತಿತು. ಸೆಲ್ಮರ್ ಆ ಕಂಪನಿಯ ವಕೀಲನನ್ನು ಕಾರಿನಲ್ಲಿ ಕೂರಿಸಿಕೊಂಡು, ಮೂಗು ಉದುರುವ ಚಳಿಯಲ್ಲಿ ಬಾವಿಯ ಹತ್ತಿರ ಕರೆದೊಯ್ದ. “ಇಳೀರಿ ಸಾರ್. ನೀವು ಕುಡಿದಿಲ್ಲವಲ್ಲ, ಜಾರದೆ ಇಳಿದು ತೋರಿಸಿ” ಅಂದ. ವಕೀಲ ಇಳಿಯಲಿಲ್ಲ. ವಿಧವೆಗೆ ಸಲ್ಲಬೇಕಾದದ್ದು ಸಂದಿತು. ಆ ಕಥೆ ಕೇಳಿ ನಮ್ಮೂರು ಒಂದು ವಾರ ನಕ್ಕಿತು.

ಎರಡನೇ ಅವಧಿಯಲ್ಲಿ ಆಲಿಕಲ್ಲಿನ ಬೇಸಿಗೆ ಬಂತು. ಕೊಯ್ಲಿಗೆ ಬಂದ ಗೋಧಿಯನ್ನು ಮೂರು ಜಿಲ್ಲೆಗಳಲ್ಲಿ ಜಜ್ಜಿಹಾಕಿತು. ಸೆಲ್ಮರನ ಕಚೇರಿಯವರು ಕಂಪನಿಗಳನ್ನೆಲ್ಲ ತಪಾಸಣೆ ಮಾಡುವಾಗ ನಮ್ಮ ಸಂಘವನ್ನೂ ಮಾಡಿದರು. ಬೊಕ್ಕಸದಲ್ಲಿ ಏನೂ ಉಳಿದಿರಲಿಲ್ಲ. ಆರ್ವಿಡ್ ಒಂದು ಬಿಡಿಗಾಸು ಮುಟ್ಟಿದವನಲ್ಲ. ಆದರೆ ಯಾರಿಗೂ ಇಲ್ಲ ಅಂದವನೂ ಅಲ್ಲ. ಕಂತು ಕಟ್ಟದವರಿಗೂ ಕೊಟ್ಟ, ಅರ್ಧ ಹಾಳಾದ ಬೆಳೆಗೂ ಪೂರ್ತಿ ಕೊಟ್ಟ. ಅವನ ಒಳ್ಳೆಯತನವೇ ಸಂಘವನ್ನು ಗೆದ್ದಲಿನ ಹಾಗೆ ತಿಂದುಹಾಕಿತ್ತು.

ಭಾನುವಾರ ಚರ್ಚು ಮುಗಿಸಿ ಸೆಲ್ಮರ್ ಭಾವನ ಮನೆಗೆ ಊಟಕ್ಕೆ ಹೋದ. ಅಲ್ಲಿ ನಡೆದದ್ದನ್ನು ಬೋರ್ಗಿಲ್ಡ್ ಆಮೇಲೆ ನನಗೆ ಹೇಳಿದಳು.

“ಸಂಘ ಮುಚ್ಚಬೇಡ, ಇನ್ನೊಂದು ವರ್ಷ ಕೊಡೋ. ಒಂದು ಒಳ್ಳೇ ಬೆಳೆ ಬರಲಿ, ತುಂಬಿಸ್ತೀನಿ” ಅಂದ ಆರ್ವಿಡ್.

“ಆ ವರ್ಷದಲ್ಲೇ ಯಾರದೋ ಮನೆ ಸುಟ್ಟರೆ ಏನು ಕೊಡ್ತೀಯ ಭಾವ? ಏನೂ ಇಲ್ಲ ಅಂತ ಗೊತ್ತಿದ್ದೂ ಕಂತು ವಸೂಲಿ ಮಾಡೋಕೆ ಬಿಡಲಾ?”

“ನಿಮ್ಮ ಕೊಟ್ಟಿಗೆ ಕಟ್ಟಿಸಿದ್ದು ಯಾರೋ?”

“ಅದಕ್ಕೇ ಹೇಳ್ತಿದೀನಿ. ಆವತ್ತು ನಮ್ಮಪ್ಪ ಕೇಳಿಕೊಂಡು ಬಂದಾಗ ಇಲ್ಲಿ ಏನೂ ಇಲ್ಲದೇ ಹೋಗಿದ್ದಿದ್ರೆ?”

ಬೋರ್ಗಿಲ್ಡ್ ಆಲೂಗಡ್ಡೆಯ ಪಾತ್ರೆ ಹಿಡಿದುಕೊಂಡು ನಿಂತೇ ಇದ್ದಳಂತೆ. “ಸೆಲ್ಮರ್, ಇವನು ನನ್ನ ಅಣ್ಣ” ಅಂದಳಂತೆ, ಅಷ್ಟೇ.

ಬೇರೆ ಯಾರಾದರೂ ಆಗಿದ್ದರೆ ಕೈಕೆಳಗಿನವರನ್ನು ಕಳಿಸುತ್ತಿದ್ದರು. ಸೆಲ್ಮರ್ ತಾನೇ ಬಂದ. ಸಂಘದ ಬಾಗಿಲಿಗೆ ಆಜ್ಞೆ ಅಂಟಿಸಿ, ಬೀಗ ಹಾಕಿ, ರಸ್ತೆ ದಾಟಿ ನನ್ನ ಹೋಟೆಲಿಗೆ ಬಂದು ಕೂತ. ಮುದುಕ ಥೋರ್ಲೀಫ್ ನನ್ನ ಕಡೆ ತಿರುಗಿದ.

“ಇಂಗಾ, ಕಮಿಷನರ್ ಸಾಹೇಬರಿಗೆ ಬಿಸಿ ಕಾಫಿ ಕೊಡಮ್ಮ. ಬೆಳಗ್ಗೆಯಿಂದ ಹೆಣ ಹೊತ್ತು ಸುಸ್ತಾಗಿದಾರೆ.”

ಯಾರೋ ನಕ್ಕರು. ಸೆಲ್ಮರ್ ಕಾಫಿ ಪೂರ್ತಿ ಕುಡಿದ, ನನಗೆ ತಲೆಬಾಗಿಸಿ ಹೋದ.

ಮುಂದಿನ ಚುನಾವಣೆಯಲ್ಲಿ ಸೋತ. ಬೇರೆ ಕಡೆಯ ಜನ ಕೈಬಿಡಲಿಲ್ಲ. ನಮ್ಮ ಜಿಲ್ಲೆಯೇ ಅವನನ್ನು ಬೀಳಿಸಿತು. ಆರ್ವಿಡ್ ಅಷ್ಟರಲ್ಲಿ ಹಾಸಿಗೆ ಹಿಡಿದಿದ್ದ. ಬಾಗಿಲು ಮುಚ್ಚಿದ ಮೇಲೆ ಅವನು ಊರೊಳಗೆ ಮುಖ ತೋರಿಸಿರಲಿಲ್ಲ. ಚಳಿಗಾಲದಲ್ಲಿ ಲಕ್ವ ಹೊಡೆಯಿತು. ಬೋರ್ಗಿಲ್ಡ್ ಗಂಡನ ಮನೆ ಬಿಟ್ಟು ಅಣ್ಣನ ಆರೈಕೆಗೆ ಹೋದಳು. ಸೆಲ್ಮರ್ ಎರಡು ಸಲ ನೋಡಲು ಹೋದ. ಬೋರ್ಗಿಲ್ಡ್ ಬಾಗಿಲಿನಲ್ಲೇ ನಿಂತು, “ಮಲಗಿದಾನೆ” ಅಂದಳು. ಎರಡನೇ ಸಲ ಒಳಗಿನಿಂದ ಆರ್ವಿಡನ ತೊದಲು ದನಿ ಕೇಳುತ್ತಿತ್ತು. ಆದರೂ ಸೆಲ್ಮರ್ ಟೋಪಿ ಹಾಕಿಕೊಂಡು ಹಿಂದಿರುಗಿದ.

ನೆಲ ಕರಗುವ ಹೊತ್ತಿಗೆ ಆರ್ವಿಡ್ ತೀರಿಕೊಂಡ. ಶವಪೆಟ್ಟಿಗೆಗೆ ಹೆಗಲು ಕೊಡಲು ಆರು ಜನರನ್ನು ಕರೆದರು. ಸೆಲ್ಮರನನ್ನು ಕರೆಯಲಿಲ್ಲ. ಅವನು ಚರ್ಚಿನ ಕೊನೆಯ ಬೆಂಚಿನಲ್ಲಿ ಒಬ್ಬನೇ ಕೂತಿದ್ದ. ಮಣ್ಣು ಹಾಕಿ ಎಲ್ಲರೂ ಚರ್ಚಿನ ನೆಲಮಾಳಿಗೆಗೆ ಕಾಫಿಗೆ ಇಳಿದ ಮೇಲೆ, ಅವನು ಗೋರಿಯ ಹತ್ತಿರ ಹೋಗಿ ನಿಂತದ್ದು ಕಿಟಕಿಯಿಂದ ಕಾಣುತ್ತಿತ್ತು. ಯಾರೂ ಕರೆಯಲು ಹೋಗಲಿಲ್ಲ. ಪಾದ್ರಿಯೂ ಹೋಗಲಿಲ್ಲ.

ಆಲಿಕಲ್ಲಿಗೆ ಸಿಕ್ಕಿದ್ದ ನಮ್ಮೂರಿನವರಿಗೆ ನಿಧಾನವಾಗಿಯಾದರೂ ಪರಿಹಾರ ಬಂತು, ಮುಳುಗಿದ ವಿಮಾ ಸಂಘಗಳ ಸದಸ್ಯರಿಗೆಂದೇ ಇಟ್ಟ ರಾಜ್ಯದ ನಿಧಿಯಿಂದ. ಅಂಥ ನಿಧಿಗೆ ಕಾನೂನು ಮಾಡಿಸಿದವನು ಶಾಸನಸಭೆಯಲ್ಲಿದ್ದಾಗ ಸೆಲ್ಮರನೇ. ಥೋರ್ಲೀಫನ ಮಗ ಅದರಿಂದಲೇ ಮತ್ತೆ ಬಿತ್ತಿದ. ಬೀಜ ಮಾತ್ರ ಪಕ್ಕದೂರಿನಿಂದ ತಂದ. ಸೆಲ್ಮರನ ಅಂಗಡಿಯಲ್ಲಿ ಕೊಳ್ಳಲಿಲ್ಲ.

ಬೋರ್ಗಿಲ್ಡ್ ಗಂಡನ ಮನೆಗೆ ವಾಪಸು ಬಂದಳು. ಅಡುಗೆ ಮಾಡಿದಳು, ಅಂಗಿ ಇಸ್ತ್ರಿ ಮಾಡಿದಳು. ಆದರೆ ಮದುವೆಯಾದಂದಿನಿಂದ ಇಬ್ಬರೇ ಇದ್ದಾಗ ಆಡುತ್ತಿದ್ದ ನಾರ್ವೆಯ ಮಾತನ್ನು ಬಿಟ್ಟುಬಿಟ್ಟಳು. ಅವನೊಡನೆ ಬರೀ ಇಂಗ್ಲಿಷು, ಪೋಸ್ಟ್‌ಮ್ಯಾನನೊಡನೆ ಆಡುವ ಹಾಗೆ. ಹನ್ನೊಂದು ವರ್ಷ ಹೀಗೇ ಕಳೆಯಿತು. ಒಂದು ಬೆಳಗ್ಗೆ ಅಂಗಡಿಯಲ್ಲಿ ಮೂಟೆ ಎತ್ತಲು ಹೋದ ಸೆಲ್ಮರ್ ಅದರ ಮೇಲೇ ಒರಗಿದ, ಮತ್ತೆ ಏಳಲಿಲ್ಲ.

ಅವಳು ಮನೆ ಮಾರಿ ಮಿನೆಸೋಟಾದ ತಂಗಿಯ ಹತ್ತಿರ ಹೊರಟಳು. ಬಸ್ಸು ಬರುವ ತನಕ ನನ್ನ ಹೋಟೆಲಿನಲ್ಲಿ ಕೂತಿದ್ದಳು.

“ಅವನು ಮಾಡಿದ್ದು ಸರೀನೇ ಇತ್ತು ಇಂಗಾ,” ಅಂದಳು, ನಾನು ಏನೂ ಕೇಳದೆ. “ಅಣ್ಣನೂ ಸಾಯೋ ಮುಂಚೆ ಹಾಗೇ ಅಂದ. ಸೆಲ್ಮರನ್ನ ಕರಿ, ಕರಿ ಅಂತ ತೊದಲ್ತಿದ್ದ. ನಾನು ಕರೀಲಿಲ್ಲ.”

“ಸೆಲ್ಮರ್‌ಗೆ ಹೇಳಿದ್ಯಾ ಅದನ್ನ?”

“ಹೇಳೋಣ, ನಾಳೆ ಹೇಳೋಣ ಅಂತಿದ್ದೆ. ಅವನೂ ಒಂದು ದಿನ ಕೇಳಬಾರದಾಗಿತ್ತಾ?”

ಬಸ್ಸು ಬಂತು. ಅವಳ ಪೆಟ್ಟಿಗೆಯನ್ನು ನಾನೇ ಎತ್ತಿ ಕೊಟ್ಟೆ. ಕಿಟಕಿಯ ಪಕ್ಕ ಕೂತವಳು ಕೈ ಬೀಸಲಿಲ್ಲ, ಮುಖ ಒರೆಸಿಕೊಳ್ಳುತ್ತಿದ್ದಳು.