ಅಕ್ಕನ ತಾಳಕ್ಕೆ ಭಾವ ಹುಡುಕಿದ ಸ್ಪೀಕರ್

ನಮ್ಮ ಭಾವ ಮಹಾಲಿಂಗಯ್ಯನವರ ಕಿವಿಗೆ ಗುಬ್ಬಿ ತಾಲ್ಲೂಕಿನಲ್ಲಿ ಯಾರೂ ಎದುರಾಡುವುದಿಲ್ಲ. ಕೊಬ್ಬರಿಗೆಂದು ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲಿಟ್ಟ ತೆಂಗಿನಕಾಯಿ ಒಳಗೆ ಒಣಗಿದೆಯೋ ಇಲ್ಲವೋ ಎಂದು ಒಡೆಯದೆ ಹೇಳಬೇಕಾದರೆ ನಿಟ್ಟೂರು, ಚೇಳೂರಿನವರೂ ಅವರನ್ನೇ ಕರೆಸುತ್ತಾರೆ. ಕಾಯನ್ನು ಕಿವಿಯ ಹತ್ತಿರ ಹಿಡಿದು ಒಮ್ಮೆ ಅಲ್ಲಾಡಿಸುತ್ತಾರೆ, ಬೆರಳ ಗೆಣ್ಣಿನಿಂದ ಒಮ್ಮೆ ಕುಟ್ಟುತ್ತಾರೆ. “ಗೊಟಗೊಟ ಅಂತೈತೆ, ಸುಲೀರಿ” ಅಂದರೆ ಸುಲಿಯಬೇಕು. “ಇನ್ನೂ ಕುಳುಕ್ತೈತೆ, ಒಂದು ತಿಂಗ್ಳು ಬುಡಿ” ಅಂದರೆ ಬಿಡಬೇಕು. ಮೂವತ್ತು ವರ್ಷದಲ್ಲಿ ಅವರ ಮಾತು ಸುಳ್ಳಾದದ್ದನ್ನು ನಾನು ಕಂಡಿಲ್ಲ. ಕಂಡಿದ್ದರೆ ಊರಿಗೆಲ್ಲ ಸಾರಿಬಿಡುತ್ತಿದ್ದೆ. ಬಾಮೈದನಾಗಿ ಅಷ್ಟಾದರೂ ಮಾಡಬೇಡವೇ?

ತೊಂದರೆ ಏನೆಂದರೆ, ಆ ಕಿವಿಯನ್ನು ಅವರು ತೆಂಗಿನಕಾಯಿಗಷ್ಟೇ ಮೀಸಲಿಡುವುದಿಲ್ಲ. ನನ್ನ ಸ್ಕೂಟರು, ಪಕ್ಕದ ಮನೆಯ ಮಿಕ್ಸಿ, ಮದುವೆ ಮನೆಯ ನಾದಸ್ವರ, ಎಲ್ಲಕ್ಕೂ ತೀರ್ಪು ಕೊಡುತ್ತಾರೆ. ಹೋದ ಕಾರ್ತಿಕದ ಕೊನೆಯ ಸೋಮವಾರ ಆ ತೀರ್ಪು ನಮ್ಮಕ್ಕನ ಮೇಲೆ ಬಿತ್ತು.

ಅಕ್ಕ ಸರ್ವಮಂಗಳಮ್ಮ ಮಠದ ಸೋಮವಾರದ ಭಜನೆಯಲ್ಲಿ ಇಪ್ಪತ್ತೈದು ವರ್ಷದಿಂದ ತಾಳ ಹಾಕುತ್ತಿದ್ದವಳು. ಪುಟ್ಟ ಕಂಚಿನ ತಾಳ, ಅದರ ನಾದ ಕೇಳಿದರೆ ಮೈ ಜುಮ್ಮೆನ್ನಬೇಕು. ಭಾವ ಎಂದಿನಂತೆ ಹಿಂದಿನ ಕಂಬಕ್ಕೊರಗಿ, ದೊಡ್ಡ ರಸಿಕರ ಹಾಗೆ ಕಣ್ಣು ಮುಚ್ಚಿ ಕೇಳುತ್ತಿದ್ದರು. ಭಜನೆ ಮುಗಿದು ಎಲ್ಲರೂ ಪ್ರಸಾದಕ್ಕೆ ಕೂತಾಗ ಬಾಯಿ ಬಿಟ್ಟರು.

“ಮಂಗಳ, ಇವತ್ತು ನಿನ್ ತಾಳ ಕೇಳಿಸ್ಲೇ ಇಲ್ಲ. ಕೈ ಸೋತೈತೆ.”

ಹಾರ್ಮೋನಿಯಂ ವೀರಭದ್ರಯ್ಯ ಒಮ್ಮೆ ಅಕ್ಕನ ಮುಖ ನೋಡಿ, “ಮಹಾಲಿಂಗಯ್ಯ ಅಂದ್ಮೇಲೆ ಇರ್ಬೋದು” ಅಂದುಬಿಟ್ಟರು. ಅಕ್ಕ ಮನೆಗೆ ಬಂದು ತಾಳವನ್ನು ಹಳೆ ಸೀರೆ ತುಂಡಿನಲ್ಲಿ ಸುತ್ತಿ ಟ್ರಂಕಿನ ತಳಕ್ಕೆ ಸೇರಿಸಿದಳು. ಮುಂದಿನ ಸೋಮವಾರ ಭಜನೆಗೆ ಹೋಗಲಿಲ್ಲ, ಅದರ ಮುಂದಿನ ಸೋಮವಾರವೂ ಇಲ್ಲ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಕ್ಕ ಸಂಜೆ ಟಿವಿ ಮುಂದೆ ಸುಮ್ಮನೆ ಕೂರುವುದನ್ನು ಭಾವನಿಗೆ ನೋಡಲಾಗಲಿಲ್ಲ. ತಪ್ಪಾಯಿತು ಅನ್ನುವ ಜಾಯಮಾನವೂ ಅವರದಲ್ಲ. ಕಾರ್ತಿಕದ ಆ ಕೊನೆಯ ಸೋಮವಾರದ ಭಜನೆಯನ್ನು ನಾನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದೆ. ಅದನ್ನೇ ಮೂರು ಸಲ ಹಾಕಿಸಿಕೊಂಡು ಕೇಳಿದರು.

“ನಿನ್ ಫೋನಿನ ತೂತು ಸಾಸಿವೆ ಕಾಳಷ್ಟೈತೆ ಕಣ್ಲಾ ಸೋಮ, ಅದ್ರಲ್ಲಿ ತಾಳ ಎಲ್ಲಿಂದ ಈಚೆಗೆ ಬಂದಾತು? ಒಳ್ಳೆ ಸ್ಪೀಕರ್ ತರಾಣ. ಎಡಕ್ಕೆ ವೀರಭದ್ರಯ್ಯ, ಬಲಕ್ಕೆ ನಿಮ್ಮಕ್ಕ, ಎದ್ರಿಗೇ ಕೂತಂಗೆ ಕೇಳ್ಬೇಕು. ತಾಳ ಕೇಳುದ್ರೆ ನಂದೇ ತಪ್ಪು ಅಂತೀನಿ. ಅವ್ಳು ಮತ್ತೆ ಭಜನೆಗೆ ಹೋಯ್ತಾಳೆ.”

ಆ ಫೋನಿನಲ್ಲೇ ನನಗೆ ಏನೋ ಕಣಕಣ ಕೇಳುತ್ತಿತ್ತು. ಆದರೆ ನಾನು ಅಂತರಸನಹಳ್ಳಿಯ ಫ್ಯಾಕ್ಟರಿಯಲ್ಲಿ ತಗಡು ಒತ್ತುವ ಮೆಷಿನ್ನಿನ ಪಕ್ಕ ಹದಿನೆಂಟು ವರ್ಷ ನಿಂತವನು. ಆ ಕಿವಿಯ ಮುಂದೆ ನನ್ನ ಕಿವಿ ಯಾವ ಮೂಲೆಗೆ? ಭಾವ ಹೇಳುವ ತಾಳ ಇದಕ್ಕಿಂತ ಸೂಕ್ಷ್ಮದ್ದಿರಬೇಕು ಎಂದು ಸುಮ್ಮನಾದೆ.

ಮೂರು ಭಾನುವಾರ ತುಮಕೂರಿನ ಅಂಗಡಿಗಳನ್ನು ಸುತ್ತಿದೆವು. ಮೊದಲ ಅಂಗಡಿಯಲ್ಲಿ ಬಣ್ಣದ ದೀಪ ಮಿಣುಕುವ ಎದೆಯೆತ್ತರದ ಸ್ಪೀಕರ್ ತೋರಿಸಿದರು. ಭಾವ ಅದರ ಪಕ್ಕೆಗೆ ಗೆಣ್ಣಿನಿಂದ ಕುಟ್ಟಿ, “ಬರೀ ಎಳ್ನೀರು” ಎಂದು ಈಚೆಗೆ ಬಂದರು. ಎರಡನೆಯ ಅಂಗಡಿಯಲ್ಲಿ ಕುಟ್ಟಿ, “ಒಳ್ಗೆ ಏನೋ ಕಳಚ್ಕೊಂಡೈತೆ” ಅಂದರು. ಅಂಗಡಿಯವನು ನಗುತ್ತಲೇ ಬಿಚ್ಚಿದ. ಒಂದು ಸ್ಕ್ರೂ ಸಡಿಲವಾಗಿತ್ತು. ಆಮೇಲೆ ಅವನು ನಗಲಿಲ್ಲ, ಕುರ್ಚಿ ತಂದು ಹಾಕಿ ಕಾಫಿ ತರಿಸಿದ. ಆದರೆ ಹಾಡು ಹಾಕಿದಾಗಲೆಲ್ಲ ಅದೇ ತಗಾದೆ.

“ಹಾರ್ಮೋನಿಯಂ ಐತೆ, ತಬಲ ಐತೆ, ವೀರಭದ್ರಯ್ಯನ ಕೆಮ್ಮೂ ಐತೆ. ನಿಮ್ಮಕ್ಕನ್ನ ಮಾತ್ರ ಯಾರೂ ಒಳಕ್ಕೆ ಬುಟ್ಟಿಲ್ಲ.”

ನಾಲ್ಕನೆಯ ಭಾನುವಾರ ಕುಣಿಗಲ್ಲಿಗೆ ಹೋದೆವು. ಅಲ್ಲಿ ಬಸ್ ಸ್ಟ್ಯಾಂಡಿನ ಹಿಂದೆ ಕಾವ್ಯ ಎಂಬ ಹೆಣ್ಣುಮಗಳು ಮರದ ಪೆಟ್ಟಿಗೆ ಮಾಡಿಸಿ, ತಾನೇ ಸ್ಪೀಕರ್ ಕೂರಿಸಿ ಮಾರುತ್ತಾಳೆಂದು ಫ್ಯಾಕ್ಟರಿಯಲ್ಲಿ ಯಾರೋ ಹೇಳಿದ್ದರು. ಭಾವ ಸಾಲಾಗಿಟ್ಟ ಪೆಟ್ಟಿಗೆಗಳನ್ನೆಲ್ಲ ಕುಟ್ಟಿ ಒಂದು ಜೊತೆಯ ಮುಂದೆ ನಿಂತರು. “ಇವು ಬಲಿತಿರೋ ಕಾಯಿ.” ಕಾವ್ಯ ಖುಷಿಪಟ್ಟಳು. ಎಡಬಲ ಸರಿಯಾಗಿ ಜೋಡಿಸಿ, ನಮ್ಮನ್ನು ನಡುವೆ ಕೂರಿಸಿ ಭಜನೆ ಹಾಕಿದಳು.

ಮಠವೇ ಎದ್ದು ಅಂಗಡಿಗೆ ಬಂದ ಹಾಗಾಯಿತು. ಎಡಗಡೆ ವೀರಭದ್ರಯ್ಯ ಉಸಿರೆಳೆದುಕೊಂಡದ್ದೂ ಕೇಳಿಸಿತು, ತಬಲದ ದಪ್ಪ ದನಿಯ ಬಾಯಾ ಎದೆಗೇ ತಾಗಿತು. ಬಲಗಡೆ ಅಕ್ಕ ಗೋಡೆ ಪಕ್ಕ ಕೂತೇ ಇದ್ದಾಳೆ ಅನ್ನಿಸಿತು. ಭಾವ ಕಣ್ಣು ಮುಚ್ಚಿ ಕೊನೆಯವರೆಗೂ ಕೇಳಿದರು.

“ಎಲ್ಲಾ ಚೆನ್ನಾಗೈತೆ ಕಣಮ್ಮ. ತಾಳ ಎಲ್ಲಿ?”

ಈ ಕಿವಿಯ ಕೀರ್ತಿ ಕುಣಿಗಲ್ಲಿಗೆ ತಲುಪಿರಲಿಲ್ಲ ನೋಡಿ. ಆ ಹುಡುಗಿ ಸಹಜವಾಗಿಯೇ ಹೇಳಿಬಿಟ್ಟಳು: “ಅಯ್ಯೋ ಅಂಕಲ್, ತಾಳ ಜಾಸ್ತಿ ಆಯ್ತು, ಸ್ವಲ್ಪ ಕಮ್ಮಿ ಮಾಡೋಣ ಅಂತಿದ್ದೆ.”

ಭಾವ ನನ್ನ ಕಡೆ ತಿರುಗಿದರು. ಅವರು ನೋಡಿದ್ದು ನನ್ನ ಮುಖವನ್ನಲ್ಲ, ಕೈಯನ್ನು. ತೊಡೆಯ ಮೇಲಿದ್ದ ಹೆಲ್ಮೆಟ್ಟಿನ ಮೇಲೆ ನನ್ನ ಬೆರಳು ಇಷ್ಟು ಹೊತ್ತೂ ಅಕ್ಕನ ತಾಳಕ್ಕೆ ತಕ್ಕ ಹಾಗೆ ಕುಟ್ಟುತ್ತಲೇ ಇತ್ತು.

“ನಿಂಗೆ ಕೇಳಿಸ್ತೇನ್ಲಾ?”

ಬಿಸಿ ತುಪ್ಪ ಬಾಯಿಗೆ ಬಿದ್ದ ಹಾಗಾಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ.

“ಹೂಂ ಭಾವ. ಫೋನಲ್ಲೂ ಕೇಳಿಸ್ತಿತ್ತು.”

ಕಾವ್ಯಳಿಗೆ ಅರ್ಥವಾಯಿತು. ಮೆಲ್ಲಗೆ ಹೇಳಿದಳು, “ನಮ್ಮಪ್ಪಂಗೂ ಹಿಂಗೇ ಅಂಕಲ್. ವಯಸ್ಸಾಗ್ತಾ ಸಣ್ಣ ಶಬ್ದ ಮೊದ್ಲು ಹೋಗುತ್ತೆ, ದಪ್ಪ ಶಬ್ದ ಉಳಿಯುತ್ತೆ.”

“ತೆಂಗಿನಕಾಯಿದು ದಪ್ಪ ಶಬ್ದ” ಎಂದು ಭಾವ ತಮಗೆ ತಾವೇ ಹೇಳಿಕೊಂಡರು. ಆ ಜೊತೆಯನ್ನೇ ಇನ್ನೊಮ್ಮೆ ಕುಟ್ಟಿ, “ಪೆಟ್ಗೆ ನಾನ್ ಆರ್ಸಿದೀನಿ. ತಾಳ ನೀವಿಬ್ರು ಕೇಳಿ ಸರಿ ಮಾಡಿ” ಅಂದರು.

ಸ್ಕೂಟರಿನಲ್ಲಿ ಊರಿಗೆ ಹೊರಟೆವು, ಒಂದು ಪೆಟ್ಟಿಗೆ ನನ್ನ ಕಾಲ ಹತ್ತಿರ, ಇನ್ನೊಂದು ಹಿಂದೆ ಭಾವನ ತೆಕ್ಕೆಯಲ್ಲಿ. ಕುಣಿಗಲ್ ಕೆರೆ ಏರಿಯ ಮೇಲೆ ಸ್ಕೂಟರ್ ನಿಲ್ಲಿಸು ಅಂದರು.

“ಈ ಸ್ಪೀಕರ್‌ನಲ್ಲಿ ನಂಗೆ ತಾಳ ಕೇಳಿಸ್ತು ಅಂದ್ಬುಡ್ಲಾ ಸೋಮ?”

“ಅನ್ನಿ ಭಾವ. ಯಾರಿಗೆ ಗೊತ್ತಾಗ್ತೈತೆ?”

ನಾನು ಮನಸಾರೆಯೇ ಹಾಗೆ ಹೇಳಿದ್ದು. ಮೂವತ್ತು ವರ್ಷ ಕಾಲೆಳೆದಿದ್ದರೂ ಆ ಕಿವಿಯ ಬಗ್ಗೆ ನನಗೂ ಜಂಬವಿತ್ತು. ಭಾವ ನೀರನ್ನೇ ನೋಡುತ್ತಾ ನಿಂತರು.

“ಬರೋ ಸೋಮ್ವಾರ ಭಜನೆ ಮುಗುದ್ಮೇಲೆ ಅವ್ಳು ನನ್ ಮಕ ನೋಡ್ತಾಳೆ ಕಣ್ಲಾ, ಹೆಂಗಿತ್ತು ಅಂತ. ಆಗ ಏನ್ ಹೇಳ್ಲಿ?”

ನಾನು ಸ್ಕೂಟರ್ ಸ್ಟಾರ್ಟ್ ಮಾಡಿದೆ.

ಮನೆಯಲ್ಲಿ ಸ್ಪೀಕರ್ ಜೋಡಿಸುವಾಗ ಅಕ್ಕ ಸೊಂಟಕ್ಕೆ ಸೆರಗು ಸಿಕ್ಕಿಸಿ, ದಂಡಕ್ಕೆ ತಂದಿರಿ ಅನ್ನುವ ಮುಖ ಮಾಡಿ ನಿಂತಿದ್ದಳು. ಭಜನೆ ಶುರುವಾದ ಮೇಲೆ ಮೆಲ್ಲಗೆ ಕುರ್ಚಿಗೆ ಕೂತಳು. “ನಾನು ಇಷ್ಟು ಚೆನ್ನಾಗಿ ಹಾಕಿದೀನಾ?” ಅಂದಳು. ಭಾವ ಹಾಡು ಮುಗಿಯುವುದನ್ನೂ ಕಾಯಲಿಲ್ಲ.

“ಮಂಗಳ, ನಿನ್ ಕೈ ಸೋತಿಲ್ಲ. ನನ್ ಕಿವಿ ಸೋತೈತೆ. ಇದ್ರಲ್ಲೂ ನಿನ್ ತಾಳ ನಂಗೆ ಕೇಳಿಸ್ತಿಲ್ಲ.”

ನನ್ನ ಕಣ್ಣು ತುಂಬಿತು. ಮಠದವರ ಮುಂದೆ ಆಡಿದ ಮಾತನ್ನು ಆ ಮನುಷ್ಯ ಬಾಮೈದನ ಮುಂದೆ ವಾಪಸ್ ತೆಗೆದುಕೊಳ್ಳುತ್ತಿದ್ದರು, ಅದು ಇನ್ನೂ ಕಷ್ಟ. ಅಕ್ಕ ಸ್ಪೀಕರ್ ಬಿಟ್ಟು ಅವರ ಕಡೆ ತಿರುಗಿದಳು.

“ಅದಕ್ಕೇನಾ, ಅಡಿಗೆ ಮನೆಯಿಂದ ಕೂಗಿದ್ರೂ ಬರ್ತಿರ್ಲಿಲ್ಲ. ಬೇಕಂತ್ಲೇ ಮಾಡ್ತೀರ ಅಂತ ವರ್ಷದಿಂದ ಬೈಕೊಂತಿದ್ದೆ” ಎಂದು ಎದ್ದು ಟ್ರಂಕಿನ ಕಡೆ ಹೋದಳು.

ಮುಂದಿನ ಸೋಮವಾರ ಸಂಜೆ ನಾನೂ ಮಠಕ್ಕೆ ಹೋದೆ. ಭಾವ ಹಿಂದಿನ ಕಂಬ ಬಿಟ್ಟು ಮುಂದೆ ಬಂದು ಅಕ್ಕನ ಎದುರಿಗೇ ಚಕ್ಕಂಬಕ್ಕಲ ಹಾಕಿ ಕೂತಿದ್ದರು. ಭಜನೆ ಪೂರ್ತಿ ಕಣ್ಣು ಮುಚ್ಚಲಿಲ್ಲ. ಅಕ್ಕನ ಕೈ ಕೂಡಿದಾಗಲೆಲ್ಲ ಅವರ ತಲೆ ಆಡುತ್ತಿತ್ತು. ಪ್ರಸಾದಕ್ಕೆ ಕೂತಾಗ ಅಕ್ಕ ಎಲ್ಲರ ಮುಂದೆಯೇ ಕೇಳಿದಳು, “ಹೆಂಗಿತ್ತು?”

“ಮೂರನೇ ಹಾಡಲ್ಲಿ ಒಂದೇಟು ತಡ ಆಯ್ತು.”

ಅಕ್ಕನ ಕೈಯ ತುತ್ತು ಅಲ್ಲೇ ನಿಂತಿತು. “ಕೇಳಿಸ್ತಾ?”

“ಇಲ್ಲ” ಅಂದರು ಭಾವ, “ಕಾಣಿಸ್ತು.”