ಎರಡು ಮನೆಯ ಒಂದು ಬಂದೂಕು

ಬೀದಿದೀಪಗಳು ಇನ್ನೂ ಆರಿಲ್ಲ. ಅಂಗಡಿಯ ಶಟರನ್ನು ಅರ್ಧಕ್ಕೆ ಎತ್ತಿ, ಬಗ್ಗಿ ಒಳಗೆ ನುಸುಳಿದ ನಿಧಾನಕ್ಕ ಮೇಜಿನ ಮೇಲೆ ಹಳೆಯ ಕಂಬಳಿಯ ತುಂಡು ಹಾಸುತ್ತಾರೆ, ಅಂಗೈಯಲ್ಲಿ ಸವರಿ ಸುಕ್ಕು ತೆಗೆಯುತ್ತಾರೆ, ಬೀದಿಯತ್ತ ಇಣುಕುತ್ತಾರೆ. ಯಾರೂ ಇಲ್ಲ. ಸ್ಕ್ರೂಡ್ರೈವರುಗಳನ್ನು ಸಾಲಾಗಿ ಇಡುತ್ತಾರೆ. ಅವು ಮೊದಲೇ ಸಾಲಾಗಿದ್ದವು. ಮತ್ತೆ ಇಣುಕುತ್ತಾರೆ. ಬೀದಿಗೆಲ್ಲ ನಿಧಾನದ ಪಾಠ ಹೇಳುವ ಹೆಂಗಸು ಇವತ್ತು ನಿಂತಲ್ಲಿ ನಿಲ್ಲುತ್ತಿಲ್ಲ.

“ರಾತ್ರಿಯೆಲ್ಲ ಹೊರಳಾಡಿದಾಳೆ,” ಎಂದು ಹಿಂದೆಯೇ ಬಗ್ಗಿ ಬಂದ ಗಂಡ ತಮ್ಮಷ್ಟಕ್ಕೇ ದೂರು ಹೇಳುತ್ತಾರೆ. “ನಮ್ಮ ಮದುವೆ ಹಿಂದಿನ ದಿನ ಗಡದ್ದಾಗಿ ನಿದ್ದೆ ಹೊಡೆದಿದ್ದಳಂತೆ. ಅವಳೇ ಹೇಳಿದ್ದು.”

ಹಳೆಯ ಬಂದೂಕುಗಳ ರಿಪೇರಿ ಇವರ ಕಸುಬು. ಕೆಳಗೆ ಅಂಗಡಿ, ಮೇಲೆ ಮನೆ. ಮರದ ಹಿಡಿ ಕೆತ್ತುವುದು ಗಂಡ, ಕಬ್ಬಿಣ ಮುಟ್ಟುವುದು ಹೆಂಡತಿ. ಮೇಜಿನ ನಡುವೆ ಸೀಮೆಸುಣ್ಣದ ಗೆರೆಯೊಂದಿದೆ. ಇನ್ನೊಬ್ಬರ ಕೆಲಸದಲ್ಲಿ ಮೂಗು ತೂರಿಸಿ ಆ ಗೆರೆ ದಾಟಿದವರು ಅವತ್ತು ಪಾತ್ರೆ ತೊಳೆಯಬೇಕು. ಓಟದ ಪಂದ್ಯ ಶುರುಮಾಡುವ ಪಿಸ್ತೂಲು, ಶೂಟಿಂಗ್ ಕ್ಲಬ್ಬಿನ ಏರ್‌ಗನ್ನು, ಹೀಗೆ ದಿನಕ್ಕೆ ಎರಡು ಮೂರು ಕೆಲಸ ಬರುತ್ತದೆ. ಬರದ ದಿನ ಹೊಲಿಗೆ ಯಂತ್ರ, ಹಟ ಹಿಡಿದ ಬೀಗ. ಮೊದಮೊದಲು ಗಿರಾಕಿಗಳು ನಿಧಾನಕ್ಕನ ತಲೆಯ ಮೇಲಿಂದ ಕತ್ತು ಉದ್ದ ಮಾಡಿ “ಯಜಮಾನರಿಲ್ವಾ?” ಎಂದು ಕೇಳುತ್ತಿದ್ದರು. ಈಗಲೂ ಕೆಲವರು ಕೇಳುತ್ತಾರೆ. ಇದ್ದಾರೆ, ಪಾತ್ರೆ ತೊಳೀತಿದ್ದಾರೆ ಎಂದು ನಿಧಾನಕ್ಕ ಉತ್ತರ ಕೊಡುತ್ತಾರೆ.

ಕಸುಬು ಕಲಿಸಿದ್ದು ಮಾವ. ಹೆಸರು ತಂದುಕೊಟ್ಟದ್ದು ಒಂದು ತಪ್ಪು. ಸೊಸೆಯಾಗಿ ಬಂದ ಹೊಸದರಲ್ಲಿ, ಎರಡು ಭಾಗವಾಗಿ ಬಿಚ್ಚಬಹುದಾದ ಒಂದು ರೈಫಲ್ಲನ್ನು ಜೋಡಿಸುವಾಗ ಅವಸರ ಮಾಡಿದರು. ಇಂಥ ರೈಫಲ್ಲಿನ ಕುದುರೆಯ, ಅಂದರೆ ಟ್ರಿಗರಿನ, ಕೆಳಗೆ ಬಳೆಯಂಥ ಲಿವರ್ ಇರುತ್ತದೆ. ಅದನ್ನು ಪೂರ್ತಿ ಕೆಳಗಿಳಿಸಿ ಒಳಗಿನ ಭಾಗವನ್ನು ಹಿಂದಕ್ಕೆ ಸರಿಸಿದ ಮೇಲೆಯೇ ನಳಿಗೆಯನ್ನು ಕೂರಿಸಿ ಕಾಲು ಸುತ್ತು ತಿರುಗಿಸಬೇಕು. ಇವರು ಲಿವರ್ ಮೇಲಿದ್ದಾಗಲೇ ತಿರುಗಿಸಿಬಿಟ್ಟರು. ಖಾಲಿ ತೋಟಾವನ್ನು ಎಳೆದು ಹೊರಹಾಕುವ ಪುಟ್ಟ ಕೊಕ್ಕೆ ಪಟ್ಟೆಂದು ಮುರಿಯಿತು. ಅಂಥ ಕೊಕ್ಕೆ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಮಾವ ಬೈಯಲಿಲ್ಲ. ಒಂದು ತಿಂಗಳು ಕೂತು ಅರದಲ್ಲಿ ಉಜ್ಜಿ ಹೊಸದೊಂದನ್ನು ಮಾಡಿದರು, ಅಷ್ಟು ದಿನವೂ ಸೊಸೆಯನ್ನು ಪಕ್ಕದಲ್ಲೇ ಕೂರಿಸಿಕೊಂಡರು. “ಬೈದಿದ್ರೆ ಮರೆತುಬಿಡ್ತಿದ್ದೆ,” ಎನ್ನುತ್ತಾರೆ ನಿಧಾನಕ್ಕ. ಅಂದಿನಿಂದ ಅವರ ಬಾಯಲ್ಲಿ ಒಂದೇ ಮಾತು, ನಿಧಾನ. ಬೀದಿಯವರು ಅದನ್ನೇ ಹೆಸರು ಮಾಡಿದರು.

ಇವತ್ತು ಬರಬೇಕಾದದ್ದೂ ಅದೇ ಜಾತಿಯ ರೈಫಲ್ಲು. ಅಲ್ಲ, ಅರ್ಧ ರೈಫಲ್ಲು. ಅಲ್ಲಲ್ಲ, ಎರಡು ಅರ್ಧ.

ಕತೆ ಹೀಗಿದೆ. ಒಬ್ಬ ಅಣ್ಣ, ಒಬ್ಬ ತಂಗಿ. ತಂದೆ ತೀರಿಕೊಂಡ ಮೇಲೆ ಪಾಲಿನ ಮಾತು ಬಂತು, ಮಾತಿಗೆ ಮಾತು ಬೆಳೆಯಿತು, ಮಂಚ ಕುರ್ಚಿಗಳವರೆಗೂ ಜಗಳವಾಯಿತು. ಕೊನೆಗೆ ಉಳಿದದ್ದು ತಂದೆಯ ರೈಫಲ್ಲು. ಪಂಚಾಯಿತಿಗೆ ಕೂತು ಸುಸ್ತಾಗಿದ್ದ ಸೋದರಮಾವ ಅದನ್ನು ಬಿಚ್ಚಿ, ದೇವರ ದಯೆ, ಇದೊಂದಾದರೂ ತಾನಾಗಿಯೇ ಎರಡಾಗುತ್ತದೆ ಎಂದು ಒಬ್ಬೊಬ್ಬರ ಕೈಗೆ ಒಂದೊಂದನ್ನು ಹಾಕಿ ಎದ್ದು ಹೋದರಂತೆ. ಅಣ್ಣನಿಗೆ ಹಿಡಿಯ ಭಾಗ, ತಂಗಿಗೆ ನಳಿಗೆ. ಅಂದಿನಿಂದ ಇಬ್ಬರಿಗೂ ಮಾತಿಲ್ಲ.

ಆದರೆ ಇಬ್ಬರೂ ತಮ್ಮ ತಮ್ಮ ಅರ್ಧವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ವರ್ಷಕ್ಕೊಮ್ಮೆ ಇದೇ ಅಂಗಡಿಗೆ ಬರುತ್ತಾರೆ. ಬೇರೆ ಬೇರೆ ತಿಂಗಳಲ್ಲಿ. ತಾನು ಬಂದದ್ದನ್ನು ಇನ್ನೊಬ್ಬರಿಗೆ ಹೇಳಕೂಡದೆಂದು ಅಣ್ಣ ಕಟ್ಟಪ್ಪಣೆ ಮಾಡುತ್ತಾರೆ, ತಂಗಿಯೂ ಮಾಡುತ್ತಾರೆ. ನಿಧಾನಕ್ಕ ತುಟಿ ಪಿಟಕ್ಕೆನ್ನದೆ ಎರಡನ್ನೂ ತುಕ್ಕು ಹಿಡಿಯದಂತೆ ಕಾಪಾಡಿಕೊಂಡು ಬಂದಿದ್ದಾರೆ. ಎರಡು ಅರ್ಧಗಳ ಒಂದೊಂದು ಗೀರೂ ಅವರಿಗೆ ಗೊತ್ತು. ಇಡಿಯಾಗಿ ಆ ರೈಫಲ್ಲನ್ನು ಅವರು ಒಮ್ಮೆಯೂ ನೋಡಿಲ್ಲ.

ಹೋದ ವಾರ ಅಣ್ಣ ಬಂದು ಬೇರೆಯೇ ಮಾತಾಡಿದರು. ಸಾಕಾಯಿತು, ಇದರ ನಳಿಗೆ ಕೂರುವ ಬಾಯಿಗೆ ಅಡ್ಡಲಾಗಿ ಒಂದು ತೂತು ಕೊರೆದುಕೊಡಿ, ಗೋಡೆಯ ಮೊಳೆಗೆ ತೂಗುಹಾಕುತ್ತೇನೆ ಎಂದರು. ನಿಧಾನಕ್ಕ ಕೈಲಿದ್ದ ಎಣ್ಣೆಬಟ್ಟೆ ಕೆಳಗಿಟ್ಟರು. ಆ ತೂತು ಬಿದ್ದರೆ ಎರಡು ಅರ್ಧಗಳು ಇನ್ನೆಂದೂ ಒಂದಾಗುವುದಿಲ್ಲ. ಹಾಗಂತ ಅವರ ಸೊತ್ತು, ಬೇಡವೆನ್ನಲು ಇವರು ಯಾರು? ಡ್ರಿಲ್ ಕೆಟ್ಟಿದೆ, ಮುಂದಿನ ವಾರ ಬೆಳಗಾಗುವಾಗಲೇ ಬನ್ನಿ ಎಂದು ಹಸಿ ಸುಳ್ಳು ಹೇಳಿ ಕಳಿಸಿದರು. ಅದೇ ಬೆಳಗ್ಗೆ ಬರಲು ತಂಗಿಗೂ ಹೇಳಿಕಳಿಸಿದರು.

ಮೊದಲು ತಂಗಿ ಬರುತ್ತಾರೆ, ಹಿಂದೆಯೇ ಅಣ್ಣ. ಅಣ್ಣನ ಕಾಲು ಹೊಸ್ತಿಲಲ್ಲೇ ನಿಲ್ಲುತ್ತದೆ. ತಂಗಿ ಮುಖ ಗೋಡೆಗೆ ತಿರುಗಿಸುತ್ತಾರೆ. ನಿಧಾನಕ್ಕ ಇಬ್ಬರನ್ನೂ ಬೇಡಿಕೊಳ್ಳುವುದಿಲ್ಲ, ಬುದ್ಧಿಯನ್ನೂ ಹೇಳುವುದಿಲ್ಲ. “ಕೊರೆಯೋಕೆ ಮುಂಚೆ ಒಂದೇ ಒಂದ್ಸಲ ಇದನ್ನ ಇಡಿಯಾಗಿ ನೋಡ್ಬೇಕು ನನಗೆ,” ಎನ್ನುತ್ತಾರೆ. “ಇಷ್ಟು ವರ್ಷ ಒರೆಸಿದೀನಲ್ಲ.”

ಇಬ್ಬರೂ ಒಪ್ಪುತ್ತಾರೆ, ಆದರೆ ತಮ್ಮ ಪಾಲನ್ನು ಕೈಬಿಡಲು ಒಬ್ಬರೂ ತಯಾರಿಲ್ಲ. ಸರಿ, ನೀವೇ ಹಿಡಿದುಕೊಳ್ಳಿ ಎಂದು ನಿಧಾನಕ್ಕ ಮೇಜಿನ ಆ ಕಡೆ ಅಣ್ಣನನ್ನೂ ಈ ಕಡೆ ತಂಗಿಯನ್ನೂ ನಿಲ್ಲಿಸುತ್ತಾರೆ. ಒಳಗೆ ತೋಟಾ ಇಲ್ಲವೆಂದು ಕಣ್ಣಿಂದ ನೋಡಿ, ಬೆರಳಿಂದಲೂ ಮುಟ್ಟಿ ಖಾತ್ರಿ ಮಾಡಿಕೊಳ್ಳುತ್ತಾರೆ. ನಳಿಗೆಯ ಕೆಳಗಿನ, ತೋಟಾ ತುಂಬುವ ಕೊಳವೆಯನ್ನು ಮುಂದಕ್ಕೆ ಎಳೆಸುತ್ತಾರೆ, ಇಲ್ಲದಿದ್ದರೆ ಅದರ ತುದಿ ಎದುರಿನ ಉಕ್ಕನ್ನು ಗೀರುತ್ತದೆ. ಲಿವರ್ ಕೆಳಗೆ. ನಳಿಗೆಯನ್ನು ಮಗ್ಗುಲಾಗಿಸಿ ಒಳಗೆ ಕೂರಿಸಿ, ತಂಗಿಯ ಕೈ ಮೇಲೆ ತಮ್ಮ ಕೈ ಇಟ್ಟು ತಿರುಗಿಸುತ್ತಾರೆ.

ಅರ್ಧಕ್ಕೇ ನಿಲ್ಲುತ್ತದೆ.

ಹಿಂದೆ ನಿಂತ ಗಂಡ ಒಂದು ಪೆಟ್ಟು ಕೊಟ್ಟರೆ ಕೂರುತ್ತದೇನೋ ಎಂದು ಗೊಣಗುತ್ತಾರೆ. ನಿಧಾನಕ್ಕ ತಿರುಗಿ ನೋಡದೆ ಸೀಮೆಸುಣ್ಣದ ಗೆರೆಯತ್ತ ಬೆರಳು ತೋರಿಸುತ್ತಾರೆ. ನಳಿಗೆಯನ್ನು ಬಂದ ದಾರಿಯಲ್ಲೇ ಹಿಂದಕ್ಕೆ ತೆಗೆದು, ಬುಡದಲ್ಲಿರುವ ತಿರುಪಿನ ಸುತ್ತುಗಳನ್ನು ಮೂಸಿ ನೋಡುತ್ತಾರೆ. ಮುಖದಲ್ಲಿ ನಗು ಹರಡುತ್ತದೆ. ಅಡುಗೆ ಎಣ್ಣೆ. ಅಂಗಡಿಯಿಂದ ಒಯ್ದ ಮೇಲೆ ಪ್ರತಿಸಲ ಮನೆಯಲ್ಲಿ ಇನ್ನೊಂದು ಕೈ ಸವರುತ್ತಿದ್ದೆನೆಂದು ತಂಗಿ ನಾಚುತ್ತಾ ಒಪ್ಪಿಕೊಳ್ಳುತ್ತಾರೆ. ಮುದ್ದಿಗೆ ಸವರಿದ ಎಣ್ಣೆ ಅಂಟಾಗಿ ಗಟ್ಟಿಯಾಗಿದೆ. ಅಣ್ಣನ ಮೀಸೆಯಡಿಯಲ್ಲೂ ಒಂದು ನಗು ಸುಳಿಯುತ್ತದೆ.

ಸೀಮೆಎಣ್ಣೆ, ಬಟ್ಟೆ, ಚೂಪು ಮಾಡಿದ ಮರದ ಕಡ್ಡಿ. ಲೋಹದ ಮೊನೆ ತಾಕಿಸದೆ ಒಂದೊಂದೇ ಸುತ್ತಿನ ಅಂಟನ್ನು ಕೆರೆದು ತೆಗೆಯುವಷ್ಟರಲ್ಲಿ ಬಿಸಿಲು ಶಟರಿನ ಕೆಳಗಿಂದ ಮೇಜಿನ ಕಾಲಿಗೆ ಬರುತ್ತದೆ. ಮತ್ತೆ ಮೂವರೂ ನಿಲ್ಲುತ್ತಾರೆ. ನಳಿಗೆ ಒಳಗೆ ಕೂರುತ್ತದೆ. ಕಾದು ಕಾದು ಅಣ್ಣನ ಬೆರಳು ಸುಮ್ಮನಿರದು, ಅದಕ್ಕೇ ಗೊತ್ತಿಲ್ಲದೆ ಲಿವರನ್ನು ಮೇಲಕ್ಕೆ ತರುತ್ತದೆ. ನಿಧಾನಕ್ಕನ ಕೈ ಅಡ್ಡ ಬರುವ ಮೊದಲೇ ತಂಗಿ ಮಾತಾಡುತ್ತಾರೆ.

“ಅಣ್ಣ, ಲಿವರ್ ಇಳಿಸು. ಕೊಕ್ಕೆ ಮುರಿಯುತ್ತೆ ಅಂತ ಅಪ್ಪ ಎಷ್ಟು ಸಲ ಹೇಳಿಲ್ಲ?”

ಚಿಕ್ಕಂದಿನಲ್ಲಿ ತಂದೆ ಇವರಿಬ್ಬರ ಕೈಯಲ್ಲೇ ಇದರ ಜೋಡಣೆ ಮಾಡಿಸುತ್ತಿದ್ದರಂತೆ. ಅಣ್ಣ ಹಿಡಿ ಹಿಡಿಯುವುದು, ತಂಗಿ ನಳಿಗೆ ತಿರುಗಿಸುವುದು. ಸೋದರಮಾವ ಪಾಲು ಮಾಡಿದ್ದೂ ಅದೇ ಲೆಕ್ಕದಲ್ಲಿ. ಅಣ್ಣ ಲಿವರ್ ಇಳಿಸುತ್ತಾರೆ. “ಮರೆತಿದ್ದೆ ಕಣೇ,” ಎನ್ನುತ್ತಾರೆ. ಈ ಸಲ ನಿಧಾನಕ್ಕ ಕೈ ಇಡುವುದಿಲ್ಲ. ತಂಗಿಯೇ ತಿರುಗಿಸುತ್ತಾರೆ. ನಳಿಗೆ ಬೆಣ್ಣೆಯಲ್ಲಿ ಹೋದಷ್ಟು ಹಗುರಾಗಿ ಹೋಗಿ ‘ಟಕ್’ ಎಂದು ನಿಲ್ಲುತ್ತದೆ. ಕೊಳವೆಯನ್ನು ಒಳಕ್ಕೆ ನೂಕಿ, ತಿರುಪು ಬಿಗಿದು, ಅದರ ಪುಟ್ಟ ಹಿಡಿಯನ್ನು ಮಡಿಸಿದರೆ ಮುಗಿಯಿತು. ನಿಧಾನಕ್ಕ ಕೂಡಿದ ಗೆರೆಯ ಮೇಲೆ ಉಗುರು ಎಳೆಯುತ್ತಾರೆ. ಉಗುರು ಎಲ್ಲೂ ಸಿಕ್ಕುವುದಿಲ್ಲ. ಒಂದು ಗೀರೂ ಬಿದ್ದಿಲ್ಲ. ಅವರಿಗೆ ಕುಣಿಯುವಷ್ಟು ಖುಷಿಯಾಗಿದೆ, ಕುಣಿಯಲು ಅಂಗಡಿಯಲ್ಲಿ ಜಾಗವಿಲ್ಲ.

ಮುಂದಿನ ಪ್ರಶ್ನೆ ಎಲ್ಲರಿಗೂ ಕಾಣುತ್ತಿದೆ, ಇದನ್ನು ಯಾರು ಒಯ್ಯುವುದು? ಅಣ್ಣ ಗಂಟಲು ಸರಿಮಾಡಿಕೊಳ್ಳುತ್ತಾರೆ, ತಂಗಿ ಸೆರಗು ಸರಿಮಾಡಿಕೊಳ್ಳುತ್ತಾರೆ. ಅವರು ಬಾಯಿ ತೆರೆಯುವ ಮೊದಲೇ ನಿಧಾನಕ್ಕ ರೈಫಲ್ಲನ್ನು ಎತ್ತಿಕೊಂಡು, ಮಾಡಿದ್ದನ್ನೆಲ್ಲ ಹಿಂದುಮುಂದಾಗಿ ಮಾಡಿ, ಮತ್ತೆ ಎರಡಾಗಿ ಬಿಚ್ಚುತ್ತಾರೆ. ನಳಿಗೆಯನ್ನು ಅಣ್ಣನ ಬಟ್ಟೆಯಲ್ಲಿ ಸುತ್ತುತ್ತಾರೆ. ಹಿಡಿಯ ಭಾಗವನ್ನು ತಂಗಿಯ ಬಟ್ಟೆಯಲ್ಲಿ.

“ಡ್ರಿಲ್ ರಿಪೇರಿ ಆಗಿದೆ,” ಎನ್ನುತ್ತಾರೆ ಅಣ್ಣನಿಗೆ. “ತೂತು ಕೊರೆಸೋದಾದ್ರೆ ಇನ್ನು ನಿಮ್ಮ ತಂಗೀನ ಕೇಳ್ಬೇಕು.”

ಇಬ್ಬರೂ ಶಟರಿನ ಕೆಳಗೆ ಬಗ್ಗಿ ಒಟ್ಟಿಗೇ ಹೊರಗೆ ಹೋಗುತ್ತಾರೆ. ಬೀದಿಯ ತಿರುವಿನವರೆಗೂ ತಂಗಿ ಅಡುಗೆ ಎಣ್ಣೆಯ ಬಗ್ಗೆ ಏನೋ ಸಮಜಾಯಿಷಿ ಹೇಳುತ್ತಿರುವುದು ಕೇಳಿಸುತ್ತದೆ. ನಿಧಾನಕ್ಕ ಕಂಬಳಿ ಮಡಿಸುತ್ತಾ, ಇನ್ನೇನು ಬೇಕು ನಿನಗೆ ಎಂದ ಗಂಡನ ಮುಖ ನೋಡುತ್ತಾರೆ.

“ಮುಂದಿನ ವರ್ಷ ಆ ಟಕ್ ಅನ್ನೋ ಸದ್ದು ಇನ್ನೊಂದ್ಸಲ ಕೇಳ್ಬೇಕು. ನಾನು ಕೈ ಹಚ್ಚದೆ.”